ಪಾಸ್ ಕೊಡದವಳ ಪಾಠ

ಹೊನ್ನಾಳಿಯ ಆ ಸಭಾಂಗಣದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋದೆ. ವೇದಿಕೆಯ ಮೇಲೆ ಅವಳು ಕೂತಿದ್ದಳು, ಮಡಿಲಲ್ಲಿ ಒಂದು ಬ್ಯಾಸ್ಕೆಟ್‌ಬಾಲ್ ಇಟ್ಟುಕೊಂಡು. ಹಿಂದಿನ ಬ್ಯಾನರ್ ಮೇಲೆ ಅವಳ ದೊಡ್ಡ ಫೋಟೋ, ಪಕ್ಕದಲ್ಲಿ ಬರಹ: ‘ಕಾಲೇಜು ಆಟದಿಂದ ಸೇವಾ ಸಂಸ್ಥೆಗಳು ಕಲಿಯಬೇಕಾದ ಒಗ್ಗಟ್ಟು.’ ನನಗೆ ನಗಬೇಕೋ ಚಪ್ಪಲಿ ಮತ್ತೆ ಹಾಕಿಕೊಳ್ಳಬೇಕೋ ತಿಳಿಯಲಿಲ್ಲ. ಇಡೀ ಲೋಕದಲ್ಲಿ ಒಗ್ಗಟ್ಟಿನ ಪಾಠ ಹೇಳಲು ಇವಳೇ ಸಿಗಬೇಕಿತ್ತೆ?

ಎದ್ದು ಹೋಗುವಂತಿರಲಿಲ್ಲ. ಜಗಳೂರಿನಲ್ಲಿ ನಾನೊಂದು ಸಣ್ಣ ಸಂಸ್ಥೆ ನಡೆಸುತ್ತೇನೆ. ಹೆಣ್ಣುಮಕ್ಕಳು ಕಾಲೇಜು ಬಿಡದಂತೆ ನೋಡಿಕೊಳ್ಳುವುದು ನಮ್ಮ ಕೆಲಸ. ಸೊಕ್ಕೆ ಊರಿನ ಕಡೆಯ ಹುಡುಗಿಯರಿಗೆ ಸಂಜೆ ತರಗತಿ ಮುಗಿಯುವಷ್ಟರಲ್ಲಿ ಬಸ್ಸು ಹೋಗಿರುತ್ತದೆ. ನಾಲ್ಕು ದಿನ ಕತ್ತಲಾದ ಮೇಲೆ ಮನೆ ಸೇರಿದರೆ ಸಾಕು, ಐದನೇ ದಿನ ಅಪ್ಪ ಕಾಲೇಜು ಬಿಡಿಸುತ್ತಾನೆ. ಆಮೇಲೆ ಗಂಡು ಹುಡುಕುತ್ತಾನೆ. ನಮಗೊಂದು ವ್ಯಾನ್ ಬೇಕಿತ್ತು. ಒಂದು ಕಂಪನಿಯವರು ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕಕ್ಕೂ ಒಂದೊಂದು ವ್ಯಾನ್ ಕೊಡಲು ತಯಾರಿದ್ದರು. ಆದರೆ ನಾಲ್ಕೂ ಸಂಸ್ಥೆಗಳು ಸೇರಿ ಒಬ್ಬರನ್ನು ಮುಖ್ಯಸ್ಥರನ್ನಾಗಿ ಆರಿಸಿಕೊಂಡು ಜೊತೆಯಾಗಿ ನಡೆಸಬೇಕು; ಒಬ್ಬರು ಬೇಡವೆಂದರೂ ಯಾರಿಗೂ ಇಲ್ಲ. ಅದಕ್ಕೇ ಈ ತರಬೇತಿ. ನ್ಯಾಮತಿಯ ಸಂಸ್ಥೆ ಅವಳದು. ಮುಖ್ಯಸ್ಥೆಯೂ ಅವಳೇ ಆಗುವುದೆಂದು ಎಲ್ಲರೂ ಆಗಲೇ ಮಾತಾಡಿಕೊಳ್ಳುತ್ತಿದ್ದರು.

ಅವಳು ಮತ್ತು ನಾನು ಚನ್ನಗಿರಿಯ ಕಾಲೇಜಿನಲ್ಲಿ ಒಂದೇ ತಂಡದಲ್ಲಿದ್ದೆವು. ಅವಳು ಉದ್ದಕ್ಕೆ ಬೆಳೆದಿದ್ದಳು, ನಾನು ಸಂತೇಬೆನ್ನೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಗಿಡ್ಡಿ. ಸುಗ್ಗಿಯಲ್ಲಿ ಕಾಲೇಜಿನ ನಮ್ಮ ಸಿಮೆಂಟಿನ ಆಟದಂಗಳದ ಮೇಲೆ ಸುತ್ತಲಿನವರು ಮೆಕ್ಕೆಜೋಳ ಹರವುತ್ತಿದ್ದರು. ಅದನ್ನು ಪಕ್ಕಕ್ಕೆ ದೂಡಿ, ಗುಡಿಸಿ ಆಡಬೇಕು. ಗುಡಿಸುವಾಗ ನಾವು ನಾಲ್ವರು, ಆಡುವಾಗ ಅವಳೊಬ್ಬಳು. ಚೆಂಡು ಅವಳ ಕೈಗೆ ಹೋಯಿತೆಂದರೆ ಬುಟ್ಟಿಗೆ ಬೀಳುವವರೆಗೆ ನಮ್ಮ ಕಡೆ ಬರುತ್ತಿರಲಿಲ್ಲ.

ಅಂತರ ಕಾಲೇಜು ಫೈನಲ್ ನಮ್ಮ ಅಂಗಳದಲ್ಲೇ ನಡೆಯಿತು. ವಿಶ್ವವಿದ್ಯಾಲಯದ ತಂಡಕ್ಕೆ ಆರಿಸುವವರು ಬಂದು ಕೂತಿದ್ದರು. ನಮ್ಮಲ್ಲಿ ಒಬ್ಬಳನ್ನು ಮಾತ್ರ ಆರಿಸುತ್ತಾರೆಂದು ಎಲ್ಲರಿಗೂ ಗೊತ್ತಿತ್ತು. ಅವತ್ತು ಅವಳಷ್ಟೇ ನಾನೂ ಚೆನ್ನಾಗಿ ಆಡಿದ್ದೆ. ಕೊನೆಯ ಗಳಿಗೆ, ಒಂದು ಪಾಯಿಂಟ್ ಹಿಂದಿದ್ದೆವು. ನಾನು ಬುಟ್ಟಿಯ ಕೆಳಗೇ ಇದ್ದೆ. ಸುತ್ತ ಒಬ್ಬರೂ ಇಲ್ಲ. ಎರಡೂ ಕೈ ಮೇಲೆತ್ತಿ ಗಂಟಲು ಹರಿಯುವಂತೆ ಕೂಗಿದೆ. ಅವಳು ದೂರದಿಂದ ತಾನೇ ಎಸೆದಳು. ಚೆಂಡು ರಿಂಗಿನ ಮೇಲೆ ಒಂದು ಸುತ್ತು ಸುತ್ತಿ ಒಳಗೆ ಬಿತ್ತು.

ಸೋತಿದ್ದರೆ ಅವಳನ್ನು ಬೈದು ಮರೆತುಬಿಡುತ್ತಿದ್ದೆ. ಗೆದ್ದೆವಲ್ಲ, ಅದೇ ನುಂಗಲಾರದ ತುತ್ತಾಯಿತು. ಗೆಲ್ಲಿಸಿದವಳನ್ನು ಬೈದರೆ ಕೇಳುವವರು ಯಾರು? ಅವಳನ್ನು ಹೆಗಲ ಮೇಲೆ ಹೊತ್ತು ಕುಣಿದರು. ನನ್ನ ಕೈ ಇನ್ನೂ ಮೇಲೇ ಇತ್ತು. ವಿಶ್ವವಿದ್ಯಾಲಯದ ತಂಡಕ್ಕೆ ಅವಳು ಹೋದಳು.

ಈಗ ಅದೇ ಕಥೆಯನ್ನು ಅವಳು ಮೈಕಿನಲ್ಲಿ ಹೇಳುತ್ತಿದ್ದಳು. ‘‘ಕೊನೇ ನಿಮಿಷ. ನಮ್ಮ ಹುಡುಗೇರು ನಾಲ್ಕೂ ಜನ ಎದುರು ಪಾರ್ಟಿಯೋರನ್ನ ತಡೆದು ನಿಂತಿದ್ರು. ಯಾರೊಬ್ರೂ ಖಾಲಿ ಇರಲಿಲ್ಲ. ಅವರೆಲ್ಲಾ ನನಗೆ ದಾರಿ ಮಾಡಿಕೊಟ್ರು. ಆ ಪಾಯಿಂಟ್ ನಂದಲ್ಲ, ತಂಡದ್ದು.’’ ಜನ ಚಪ್ಪಾಳೆ ತಟ್ಟಿದರು. ಕಂಪನಿಯ ಅಧಿಕಾರಿ ತಲೆಯಾಡಿಸಿದರು. ಪಾಸ್ ಕೊಡದಿದ್ದುದು ಹಾಳಾಗಲಿ, ಈಗ ನಾನು ಖಾಲಿ ನಿಂತಿದ್ದನ್ನೂ ಇಲ್ಲವೆನಿಸಿದ್ದಳು.

ಭಾಷಣದ ನಂತರ ಆಡಿ ತೋರಿಸಲು ಪ್ರತಿ ಸಂಸ್ಥೆಯಿಂದ ಒಬ್ಬರನ್ನು ಕರೆದಳು. ಚನ್ನಗಿರಿಯಿಂದ ಒಬ್ಬ ನಿವೃತ್ತ ಮೇಷ್ಟ್ರು ಎದ್ದರು, ಹೊನ್ನಾಳಿಯಿಂದ ಹಾಸ್ಟೆಲ್ ನೋಡಿಕೊಳ್ಳುವ ಅಕ್ಕ. ನ್ಯಾಮತಿಯ ಕಡೆಯಿಂದ ತಾನೇ ನಿಂತಳು. ಜಗಳೂರಿನಿಂದ ನಾನು ಎದ್ದಾಗ ಅವಳ ಮುಖ ನೋಡಿದೆ. ಗುರುತು ಸಿಕ್ಕಿತೋ ಇಲ್ಲವೋ ತಿಳಿಯಲಿಲ್ಲ. ನಾವು ಚೆಂಡನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಬೇಕು, ಅಷ್ಟೇ ಆಟ.

ಚೆಂಡು ನನ್ನ ಕೈಗೆ ಬಂತು. ಅವಳು ಎರಡೂ ಕೈ ಎತ್ತಿ ನಿಂತಳು. ‘‘ಇತ್ತ ಕೊಡ್ರಿ ಮೇಡಂ.’’

ಕೊಡಲಿಲ್ಲ. ಅವಳನ್ನು ಕಣ್ತುಂಬ ನೋಡಿದೆ. ಆಮೇಲೆ ಮೇಷ್ಟ್ರಿಗೆ ಕೊಟ್ಟೆ. ಅವರು ಪಾಪ ಅವಳ ಕಡೆ ತಿರುಗಿದರು. ‘‘ಮೇಷ್ಟ್ರೇ, ಅಲ್ಲಿ ಬ್ಯಾಡ್ರಿ, ಅಕ್ಕಾರಿಗೆ ಕೊಡ್ರಿ’’ ಎಂದು ಗದರಿದೆ. ಅಕ್ಕನಿಂದ ನನಗೆ, ನನ್ನಿಂದ ಮೇಷ್ಟ್ರಿಗೆ. ಚೆಂಡು ಸುತ್ತಿದ್ದೇ ಸುತ್ತಿದ್ದು. ಸಭೆಯಲ್ಲಿ ನಗು ಶುರುವಾಯಿತು. ಎತ್ತಿದ್ದ ಅವಳ ಕೈ ಮೆಲ್ಲಗೆ ಕೆಳಗಿಳಿಯಿತು. ಅಷ್ಟು ಖುಷಿ ನನಗೆ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಅವಳು ಬಗ್ಗಿ ಮೈಕ್ ಎತ್ತಿಕೊಂಡಳು. ‘‘ನೋಡಿದ್ರಾ? ಒಬ್ಬರನ್ನ ಹೊರಗಿಟ್ರೆ ಹೆಂಗೆ ಕಾಣ್ತೈತೆ ಅಂತ ಮೇಡಂ ಎಷ್ಟು ಚಂದ ತೋರಿಸಿದ್ರು! ನಾನೇ ಮೊದಲೇ ಹೇಳಿಕೊಟ್ಟಿದ್ದೆ.’’ ಮತ್ತೆ ಚಪ್ಪಾಳೆ, ಅದೂ ಅವಳಿಗೇ. ನನ್ನ ಸೇಡನ್ನೂ ಕಸಿದುಕೊಂಡು ತನ್ನ ಲೆಕ್ಕಕ್ಕೆ ಸೇರಿಸಿಕೊಂಡಳು, ಪುಣ್ಯಾತ್ಗಿತ್ತಿ.

ಊಟದ ನಂತರ ನಲ್ಲಿಯ ಹತ್ತಿರ ಕೈ ತೊಳೆಯುತ್ತಿದ್ದೆ. ಪಕ್ಕಕ್ಕೆ ಬಂದು ನಿಂತಳು.

‘‘ಇನ್ನೂ ಸಿಟ್ಟು ಐತೇನೆ?’’ ಎಂದಳು. ನಲ್ಲಿ ತಿರುಗಿಸುತ್ತಾ ಅವಳೇ ಮುಂದುವರಿಸಿದಳು, ‘‘ಅವತ್ತು ನೀನು ಖಾಲಿ ಇದ್ದಿ. ನೋಡಿದ್ದೆ.’’

‘‘ನೋಡಿದ್ಯಾ?’’

‘‘ನಿಂಗೆ ಕೊಟ್ಟಿದ್ರೆ ನಿನ್ನನ್ನೇ ಆರಿಸ್ತಿದ್ರು. ಪರೀಕ್ಷೆ ಮುಗೀತಿದ್ದಂಗೆ ನಮ್ಮಪ್ಪ ನನ್ನ ಮದುವೆ ಮಾಡಾಕೆ ಕುಂತಿದ್ದ. ಟೀಮಿಗೆ ಆಯ್ಕೆ ಆದೆ ಅಂತ ಬಿಟ್ಟ.’’

‘‘ನಮ್ಮಪ್ಪಾನೂ ಕುಂತಿದ್ದ ಕಣೆ’’ ಎಂದೆ.

ಅವಳ ಕೈಯ ಮೇಲೆ ನೀರು ಸುರಿಯುತ್ತಲೇ ಇತ್ತು. ನನ್ನ ಮದುವೆ ಆ ಬೇಸಿಗೆಯಲ್ಲೇ ಆಯಿತು. ಬಿ.ಎ. ಕೊನೆಯ ವರ್ಷ ಮುಗಿಸಲು ನನಗೆ ಮಗಳು ಶಾಲೆಗೆ ಹೋಗುವವರೆಗೆ ಕಾಯಬೇಕಾಯಿತು. ಅದನ್ನು ಅವಳಿಗೆ ಹೇಳಲಿಲ್ಲ. ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದೆ.

ಮಧ್ಯಾಹ್ನ ಮುಖ್ಯಸ್ಥರನ್ನು ಆರಿಸುವ ಸಭೆ. ಅಧಿಕಾರಿ ಕೇಳಿದ ಕೂಡಲೇ ಎಲ್ಲರೂ ಅವಳ ಕಡೆ ನೋಡಿದರು. ನಾನು ಎದ್ದು ನಿಂತೆ. ‘‘ನಾಲ್ಕೂ ವ್ಯಾನಿನ ಉಸ್ತುವಾರಿ ನನಗೆ ಕೊಡ್ರಿ. ಇಲ್ಲಾಂದ್ರೆ ಜಗಳೂರಿನೋರು ಈ ಯೋಜನೆಯಾಗೆ ಇರಾಂಗಿಲ್ಲ.’’

ಮೇಷ್ಟ್ರು ಗಾಬರಿಯಾದರು. ನಾವು ಇಲ್ಲವೆಂದರೆ ಯಾರಿಗೂ ವ್ಯಾನ್ ಇಲ್ಲ. ಬರೀ ಬೆದರಿಕೆ ಎಂದು ಅಧಿಕಾರಿ ಅಂದುಕೊಂಡಿರಬಹುದು. ಅಲ್ಲ. ಅವಳು ಒಪ್ಪದಿದ್ದರೆ ಅವತ್ತು ನಾನು ಸೊಕ್ಕೆಯ ಹುಡುಗಿಯರನ್ನೂ ಅಲ್ಲೇ ಬಿಟ್ಟು ಎದ್ದು ಹೋಗುತ್ತಿದ್ದೆ. ಅವಳಿಗೆ ಅದು ಗೊತ್ತಾಯಿತು. ಆ ಕೋಣೆಯಲ್ಲಿ ಅವಳೊಬ್ಬಳಿಗೇ ಗೊತ್ತಾಯಿತು.

‘‘ಅವರಿಗೇ ಕೊಡ್ರಿ’’ ಎಂದಳು.

ಈಗ ನಾಲ್ಕೂ ವ್ಯಾನ್ ಓಡುತ್ತಿವೆ. ಸೊಕ್ಕೆಯ ಹುಡುಗಿಯರು ಹೊತ್ತು ಮುಳುಗುವ ಮೊದಲೇ ಮನೆ ಸೇರುತ್ತಾರೆ. ನಾನು ಮಾಡಿದ ಮೊದಲ ನಿಯಮ: ವ್ಯಾನ್ ಹೊರಟ ಕೂಡಲೇ ಆಯಾ ಸಂಸ್ಥೆಯ ಮುಖ್ಯಸ್ಥರು, ಡ್ರೈವರ್ ಅಲ್ಲ, ಮುಖ್ಯಸ್ಥರೇ ನನಗೆ ಫೋನ್ ಮಾಡಿ ಹೇಳಬೇಕು. ಚನ್ನಗಿರಿ, ಹೊನ್ನಾಳಿಯವರು ಆಗಾಗ ಮರೆಯುತ್ತಾರೆ, ನಾನು ಏನೂ ಅನ್ನುವುದಿಲ್ಲ. ನ್ಯಾಮತಿಯಿಂದ ದಿನಾ ಸಂಜೆ ಫೋನ್ ಬರುತ್ತದೆ. ‘‘ಹೊರಟ್ವಿ ಮೇಡಂ, ಎಲ್ಲಾ ಹುಡುಗೇರೂ ಹತ್ತಿದ್ರು’’ ಎನ್ನುತ್ತಾಳೆ. ಜ್ವರ ಬಂದು ದನಿ ಒಡೆದ ದಿನವೂ ಮಾಡಿದಳು. ಇವತ್ತಿನವರೆಗೆ ಒಮ್ಮೆಯೂ ತಪ್ಪಿಸಿಲ್ಲ.

ತಪ್ಪಿಸಲಿ ಎಂದು ಕಾಯುತ್ತಿದ್ದೇನೆ.