ಗಿರಿಜಕ್ಕನ ಒನಕೆ

ನನಗಾಗ ಎಪ್ಪತ್ತೊಂದು. ಇದು ಮೂರು ವರ್ಷದ ಹಿಂದಿನ ಮಾತು. ಸತ್ತವರು ಬಂದರು, ಕರೆದರು ಎಂದು ಯಾರಾದರೂ ಹೇಳಿದರೆ ಅವರ ಮುಖಕ್ಕೇ ನಗುತ್ತಿದ್ದವಳು ನಾನು. ಈಗಲೂ ಪೂರ್ತಿ ನಂಬಿಕೆಯಿಲ್ಲ. ಓದಿದ್ದು ಮೂರನೇ ಕ್ಲಾಸು, ಕಟ್ಟಿ ಬರೆಯಲು ಬರುವುದಿಲ್ಲ. ಆದದ್ದನ್ನು ಆದ ಹಾಗೆ ಹೇಳುತ್ತೇನೆ.

ನನ್ನ ಗಂಡ ಮತ್ತು ಅವರ ಅಣ್ಣ ಒಂದೇ ಮಂಜಿಯಲ್ಲಿ ಹೆಂಚು ಹೇರಿಕೊಂಡು ಗಂಗೊಳ್ಳಿಯಿಂದ ಅರಬ್ಬರ ಕಡೆಗೆ ಹೊರಟವರು. ಹಾಯಿಯ ಹಡಗು ಅದು. ತಿರುಗಿ ಬರಲಿಲ್ಲ. ಹೆಣವೂ ಸಿಗಲಿಲ್ಲ. ಆಮೇಲೆ ನಾನು ಮತ್ತು ಆ ಅಣ್ಣನ ಹೆಂಡತಿ ಗಿರಿಜಕ್ಕ ಅವಲಕ್ಕಿ ಕುಟ್ಟಿ ಮಾರಿ ಮಕ್ಕಳನ್ನು ಸಾಕಿದೆವು. ಒಂದೇ ಒರಳು, ಎರಡು ಒನಕೆ. ಅವಳದ್ದು ಏಳುವಾಗ ನನ್ನದು ಬೀಳಬೇಕು. ಗಿರಿಜಕ್ಕ ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಅವಳ ಬಲಭುಜ ಸೊಟ್ಟಗಾಗಿತ್ತು. ಹಾಗಾಗಿ ಅವಳ ಪೆಟ್ಟು ಒಂದು ಚೂರು ತಡವಾಗಿ, ಹಗುರವಾಗಿ ಬೀಳುತ್ತಿತ್ತು. "ನಿನ್ನ್ ಒನ್ಕಿ ಬಪ್ಪುದ್ರೊಳ್ಗೆ ಅವಲಕ್ಕಿ ತಣ್ದ್ ಹೋತ್ತ್" ಎಂದು ನಾನು ಬೈದರೆ, "ನಿಂಗ್ ಎಲ್ಲ್ ಹೋಪುಕಿತ್ತ್? ಕಾಯ್" ಎನ್ನುತ್ತಿದ್ದಳು.

ಅವಳು ಸತ್ತಾಗ ನಾನು ದೋಹಾದಲ್ಲಿ ಮಗಳ ಮನೆಯಲ್ಲಿದ್ದೆ. ನಾನು ಊರು ಮುಟ್ಟುವ ಮೊದಲೇ ಸುಡುತ್ತಾರೆ ಎಂದು ಗೊತ್ತಾಗಿ ಹೋಗಲಿಲ್ಲ. ಅಳುವೂ ಬರಲಿಲ್ಲ. ಅವಳ ಪೆಟ್ಟು ಇನ್ನೊಮ್ಮೆ ಕೇಳಬೇಕೆಂಬ ಆಸೆ ಮಾತ್ರ ಬಿಟ್ಟುಹೋಗಲಿಲ್ಲ.

ಅದೇ ವರ್ಷ ಒಂದು ಶುಕ್ರವಾರ ಸಂಜೆ ಮಗಳು ಸುಜಾತ ನನ್ನನ್ನು ಸಂಗೀತಕ್ಕೆ ಎಳೆದುಕೊಂಡು ಹೋದಳು. ಹಮದ್ ಬಂದರಿನಲ್ಲಿ ಅವಳಿಗೆ ಆಫೀಸು ಕೆಲಸ. ಟಿಕೆಟು ಅಲ್ಲಿ ಪುಕ್ಕಟೆ ಸಿಕ್ಕಿತ್ತು. ಸ್ಪೇನ್ ದೇಶದ ಬಾಸ್ಕ್ ಎಂಬ ಕಡಲ ಸೀಮೆಯವರು ಬಂದಿದ್ದರು. ಅವರ ಕಡೆಯ ಒಬ್ಬ ನಾವಿಕ ಐನೂರು ವರ್ಷದ ಹಿಂದೆ ಹಡಗಿನಲ್ಲಿ ಭೂಮಿಯನ್ನೇ ಸುತ್ತಿ ಬಂದನಂತೆ. ಅವನ ದಾರಿಯನ್ನು ನೆನೆದು ಹಳೆಯ ಪದ, ಹಳೆಯ ವಾದ್ಯ ಸೇರಿಸಿ ಕಾರ್ಯಕ್ರಮ ಕಟ್ಟಿದ್ದರು.

"ಅವನೊಟ್ಟಿಗ್ ಹೋದವ್ರೆಲ್ಲ ಬಂದ್ರಾ?" ಎಂದೆ.

"ಇಲ್ಲೆ ಅಮ್ಮ, ಸುಮಾರ್ ಜನ ದಾರಿಯಂಗೇ ಸತ್ರಂಬ್ರ್."

"ಬಂದವ್ನಿಗ್ ಪದ. ಬಾರದವ್ರಿಗ್ ಎಂತದೂ ಇಲ್ಲೆ."

"ಶ್, ಖಲಾಸ್! ಸುಮ್ನೆ ಕೇಣ್."

ಎ.ಸಿ.ಯ ಚಳಿಗೆ ಸೆರಗು ಹೊದ್ದು ಕಣ್ಣು ಮುಚ್ಚಿದೆ. ಕೊಳಲು, ತಂತಿ, ಹಾಡು ಯಾವುದೂ ನನಗೆ ಹತ್ತಲಿಲ್ಲ. ಆಮೇಲೆ ಮರ ಕುಟ್ಟುವ ಸದ್ದು ಶುರುವಾಯಿತು. ಒಂದು ಪೆಟ್ಟು ಗಟ್ಟಿ. ಅದರ ಹಿಂದೆ ಇನ್ನೊಂದು, ಒಂದು ಚೂರು ತಡವಾಗಿ, ಹಗುರವಾಗಿ. ನನ್ನ ಕೈ ತಾನಾಗಿ ಮಡಿಲಿನಿಂದ ಎದ್ದಿತು. ಅಷ್ಟು ವರ್ಷ ಕಾದು ಕಾದು ಕಲಿತ ತಡ ಅದು. ನಾನು ಮರೆಯುವಂಥದ್ದಲ್ಲ.

ಕಣ್ಣು ಬಿಟ್ಟೆ. ಉದ್ದ ಹಲಗೆಯ ಮುಂದೆ ಒಬ್ಬನೇ ನಿಂತು ಕೋಲಿನಿಂದ ಕುಟ್ಟುತ್ತಿದ್ದ. ಅವನ ಪಕ್ಕ ಖಾಲಿ. ಆದರೂ ಎರಡನೆಯ ಪೆಟ್ಟು ಬೀಳುತ್ತಲೇ ಇತ್ತು.

"ಕುಟ್ಟುದ್ ಎಷ್ಟ್ ಜನ?" ಎಂದು ಸುಜಾತಳನ್ನು ತಿವಿದೆ.

"ಒಬ್ನೇ ಅಲ್ದಾ? ಇಬ್ರ್ ಕುಟ್ಟು ವಾದ್ಯ ಅಂಬ್ರ್. ಇನ್ನೊಬ್ನಿಗ್ ಜ್ವರ. ಅದ್ಕೇ ಮಧ್ಯ ಮಧ್ಯ ಖಾಲಿ ಬಿಡ್ತಾ ಇದ್ದ."

ನನಗೆ ಒಂದೂ ಖಾಲಿ ಕೇಳಲಿಲ್ಲ. ಮುಗಿದ ಮೇಲೆ ಆ ಗಂಡಸು ಖಾಲಿ ಬದಿಗೆ ತಿರುಗಿ ನೋಡಿದ. ಜೊತೆಗಾರನನ್ನು ನೆನೆದನೋ, ಬೇರೇನೋ. ಕೇಳೋಣವೆಂದರೆ ಭಾಷೆ ಬಾರದು. ಸುಜಾತ ಮೊಬೈಲಿನಲ್ಲಿ ಹಿಡಿದದ್ದನ್ನು ಮನೆಗೆ ಬಂದು ಹಾಕಿಸಿ ಕೇಳಿದೆ. ಅದರಲ್ಲಿ ಅವನ ಪೆಟ್ಟು ಮಾತ್ರ. "ಮುದಿ ಕಿಮಿ ನಿಂದ್" ಎಂದು ಅವಳು ನಕ್ಕಳು. ಇರಬಹುದು. ಆದರೆ ಮುದಿ ಕಿವಿಗೆ ಕೇಳುವುದು ಕಡಿಮೆಯಾಗಬೇಕು, ಹೆಚ್ಚಾಗುವುದು ಹೇಗೆ? ನನಗೆ ಇವತ್ತಿಗೂ ತಿಳಿದಿಲ್ಲ.

ಮರುದಿನ ಬೆಳಿಗ್ಗೆ ಎಲ್ಲರೂ ಏಳುವ ಮೊದಲು, ಶುಂಠಿ ಜಜ್ಜುವ ಕುಟ್ಟಾಣಿಯನ್ನು ಅಡುಗೆಮನೆಯ ನೆಲದ ಮೇಲೆ ಇಟ್ಟು ಕೂತೆ. ಒಂದು ಪೆಟ್ಟು ಹಾಕಿ ಕಾದೆ. ಇನ್ನೊಂದು ಹಾಕಿ ಕಾದೆ. ಕೆಳಗಿನ ಮನೆಯಿಂದ ಯಾರೋ ಸಿಟ್ಟಿನಲ್ಲಿ ಸೂರಿಗೆ ತಟ್ಟಿದರು. ಅದು ಗಿರಿಜಕ್ಕನದಲ್ಲ, ಸರಿಯಾದ ಹೊತ್ತಿಗೆ ಬಿತ್ತು. ಕುಟ್ಟಾಣಿಯ ಅಡಿಗೆ ಬಟ್ಟೆ ಹಾಸಿ, ಮತ್ತೆ ಒಂದು ಪೆಟ್ಟು ಹಾಕಿ ಕಾದೆ.