ಕಣ್ಣಿಗೆರಡು ತೊಟ್ಟು ಹರಳೆಣ್ಣೆ

“ಬಸ್ಸು ಕಾಣ್ತಿತ್ತು ಕಣಮ್ಮ. ನಂಬರ್ ಕಾಣ್ಲಿಲ್ಲ.”

“ನೀವು ಓಡಿಸ್ತಿದ್ದ ಬಸ್ಸೇ ತಾನೇ ಗಂಗುಲಪ್ಪ ಮಾಮ? ನಂಬರ್ ಬಾಯಿಪಾಠ ಇರ್ಲಿಲ್ವಾ?”

“ಅದಕ್ಕೇ ಕಂಡಕ್ಟರ್ ಖಾಜಾ ಪೀರ್ ಇವತ್ತಿಗೂ ಬೈತಾನೆ. ‘ಡಾಕ್ಟ್ರು ಯಾವುದಾದ್ರೂ ಗಾಡಿ ನಂಬರ್ ಓದ್ಸೇ ಓದಿಸ್ತಾರೆ ಅಂತ ಆಸ್ಪತ್ರೆ ಗೇಟಿನ ಹತ್ರ ನಮ್ಮ ಬಸ್ಸೇ ತಂದು ನಿಲ್ಸಿದ್ನಲ್ಲೋ, ಹೆಂಡ್ತಿ ಹೆಸ್ರು ಮರೆತ್ರೂ ಆ ನಂಬರ್ ಮರೀತೀಯೇನೋ’ ಅಂತ.”

ಈ ಮಾತು ಶುರುವಾಗಿದ್ದು ನನ್ನಿಂದಲೇ. ನಾನು ಬೆಂಗಳೂರಿನಲ್ಲಿ ಬಿ.ಎಸ್ಸಿ. ಓದುತ್ತೇನೆ, ಶನಿವಾರ ಸಂಜೆ ಶಿಡ್ಲಘಟ್ಟಕ್ಕೆ ಬಂದರೆ ಭಾನುವಾರ ಬೆಳಿಗ್ಗೆ ಎದುರುಮನೆಯ ಜಗಲಿಯ ಮೇಲೆಯೇ ಇರುತ್ತೇನೆ. ಅವತ್ತು ಬೀದಿಯ ತುದಿಯಲ್ಲಿ ಒಂದು ಬಸ್ಸು ತಿರುಗಿತು. ಕನ್ನಡಕ ಹಾಕಿದ ನನಗೆ ಅದರ ಬಣ್ಣವಷ್ಟೇ ಗೊತ್ತಾಯಿತು, ಗಂಗುಲಪ್ಪ ಮಾಮ ಮಾತ್ರ ಕೂತಲ್ಲಿಂದಲೇ “ಓ, ಮೇಲೂರು ಬೋರ್ಡು” ಎಂದುಬಿಟ್ಟರು. ನಾನು ಕುಣಿಯುವುದೊಂದು ಬಾಕಿ. ಇಂಜಿನ್ನಿನ ಉಷ್ಣಕ್ಕೆ ಅವರ ಕಣ್ಣು ಹೋಯಿತು, ಡಾಕ್ಟರು ಸರ್ಟಿಫಿಕೇಟ್ ಕೊಡಲಿಲ್ಲ, ಅದಕ್ಕೇ ಚಿಂತಾಮಣಿಯಿಂದ ಗೌರಿಬಿದನೂರಿಗೆ ಓಡಿಸುತ್ತಿದ್ದ ಬಸ್ಸನ್ನು ಈಗ ಶೆಡ್ಡಿನಲ್ಲಿ ತೊಳೆಯುತ್ತಾರೆ ಎಂದು ಅವರ ಹೆಂಡತಿ ವೆಂಕಟರತ್ನಮ್ಮ ಇಡೀ ಬೀದಿಗೆ ಹೇಳಿದ್ದರು. ಇಂಥ ಕಣ್ಣಿಟ್ಟುಕೊಂಡು ಬಸ್ಸು ತೊಳೆಯುವುದೇ? ನಾನು ಬಿಡದೆ ಕೇಳಿದೆ, ಅವರು ಹೇಳಿದರು.

“ಸರಿ, ಕಾಣ್ದೇ ಇದ್ರೂ ನಂಬರ್ ಹೇಳ್ಬಿಡಬೇಕಿತ್ತು ಮಾಮ.”

“ಹೆಂಗಮ್ಮ ಹೇಳೋದು? ಬೆಳಗಾಗೆದ್ದು ನೋಡಿದ್ರೆ ಲೋಕವೆಲ್ಲ ಮಂಜು. ಕಣ್ಣು ಹೋಯ್ತು ಅಂತ ನಾನೇ ನಂಬ್ಬಿಟ್ಟೆ. ಕಾಣದ ಕಣ್ಣು ಮಡಿಕ್ಕೊಂಡು ಅಷ್ಟು ಜನರ್ನ ಕೂರಿಸ್ಕೊಂಡು ಹೋಗ್ಲಾ? ‘ಮಂಜಾಗಿ ಕಾಣ್ತದೆ ಸ್ವಾಮಿ’ ಅಂದೆ. ಒಂದು ತಿಂಗ್ಳು ಬಿಟ್ಟು ಬಾ ಅಂದ್ರು.”

ಕಣ್ಣಿನ ಪರೀಕ್ಷೆ ಮುಗಿಸಿ ಚಿಕ್ಕಬಳ್ಳಾಪುರದಿಂದ ವಾಪಸ್ಸು ಬರುವಾಗ ಬೇರೊಬ್ಬ ಡ್ರೈವರ್ ಬಸ್ಸು ಓಡಿಸಿದನಂತೆ. ಇವರು ಹಿಂದಿನ ಸೀಟಿನಲ್ಲಿ ಕೂತು ಟವಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತ ಬಂದರಂತೆ.

“ಅಳ್ತಿದ್ರಾ?”

“ಅಳ್ತಿದ್ದೆ ಅಂತ್ಲೇ ಇಟ್ಕೋ. ಒರೆಸ್ಕೊಂಡು ಒರೆಸ್ಕೊಂಡು ನೋಡ್ತೀನಿ, ಟವಲ್ಲೆಲ್ಲ ಜಿಡ್ಡು. ತಲೆ ಎತ್ತಿದ್ರೆ ದೂರದ ಮೈಲಿಗಲ್ಲು ಕೊರೆದಿಟ್ಟಂಗೆ ಕಾಣ್ತೈತೆ.” ಅವರು ಹಿತ್ತಲ ಕಡೆ ನೋಡಿ ದನಿ ತಗ್ಗಿಸಿದರು. ಅಲ್ಲಿ ವೆಂಕಟರತ್ನಮ್ಮ ಹಂಡೆಗೆ ಬೆಂಕಿ ಹಾಕುತ್ತಿದ್ದರು. “ಹಿಂದಿನ ರಾತ್ರಿ ಅವಳು ಎಣ್ಣೆ ಹಚ್ಚಿದ್ಲು. ಪರೀಕ್ಷೆಗೆ ಹೋಗೋ ಕಣ್ಣು ತಂಪಾಗಿರ್ಲಿ ಅಂತ ಕಣ್ಣಿಗೂ ಹರಳೆಣ್ಣೆ ಬಿಟ್ಲು. ಬೆಳಿಗ್ಗೆ ಹೊರಡೋವಾಗ ಇನ್ನೊಂದ್ಸಲ.”

“ಅಷ್ಟೇನಾ? ತಿಂಗಳು ಬಿಟ್ಟು ಹೋಗಿದ್ರೆ ಆಗ್ತಿತ್ತಲ್ಲ.”

“ಹೋಗ್ತಿದ್ದೆ. ಮನೆಗೆ ಬಂದು ವಿಷಯ ಹೇಳಿದ್ನಾ, ಪಾಪ, ಅಲ್ಲೇ ಕುಸಿದು ಕೂತ್ಲು. ‘ಅಯ್ಯೋ, ಒಂದಿನ ಬಿಟ್ರೆ ಎಲ್ಲಿ ಸಾಕಾಗ್ತದೆ, ಇನ್ನು ದಿನಾ ಬಿಡ್ತೀನಿ’ ಅಂದ್ಲು. ಬಿಟ್ಲು ಕೂಡ. ಇನ್ನೊಂದು ಸಲ ಹೋಗ್ಬೇಕಾದ್ರೆ ಎಣ್ಣೆ ಬೇಡ ಅನ್ಬೇಕು. ಬೇಡ ಅಂದ್ರೆ ಯಾಕೆ ಅಂತಾಳೆ. ನಿನ್ನಿಂದ್ಲೇ ಹೋಯ್ತು ಕಣೇ ಅಂತ ಹೆಂಗಮ್ಮ ಹೇಳ್ಲಿ? ನಾಳೆ ಹೇಳಣ, ನಾಡಿದ್ದು ಹೇಳಣ ಅಂತ ತಿಂಗ್ಳು ಕಳೀತು. ಯಜಮಾನ್ರು ಆ ಹೊಸಬನಿಗೇ ಬಸ್ಸು ಕೊಟ್ಬಿಟ್ರು. ಐವತ್ತೆಂಟನೇ ಇಸವಿ ಅದು.” ಅವರು ಮತ್ತೆ ಹಿತ್ತಲ ಕಡೆ ನೋಡಿದರು. “ಒಂದು ಮಾತು, ಶ್ಯಾಮಲಮ್ಮ. ಒಂದೇ ಮಾತು ಆಡಿದ್ರೆ ಆಗ್ತಿತ್ತು. ನೀನೂ ಆಡ್ಬೇಡ.”

ನಾನು ಲೆಕ್ಕ ಹಾಕಿದೆ. ಎಂಟು ವರ್ಷ ಆ ಬಸ್ಸಿನ ಮುಂದಿನ ಗಾಜನ್ನು ಹೊರಗೆ ನಿಂತು ಒರೆಸಿದ್ದಾರೆ.

ಅಷ್ಟರಲ್ಲಿ ವೆಂಕಟರತ್ನಮ್ಮ ಎಣ್ಣೆ ಬಟ್ಟಲು ಹಿಡಿದು ಬಂದರು. “ಏನಮ್ಮಾ ಅದು, ಗುಸುಗುಸು? ಓದಿ ಓದಿ ಕಣ್ಣು ಹೆಂಗಾಗೈತೆ ನೋಡು, ಗೂಬೆ ಕಣ್ಣು. ನಾಳೆ ಪರೀಕ್ಷೆ ಅಂತೆ ನಿಂಗೆ, ನಿಮ್ಮಮ್ಮ ಅಂದ್ಲು. ಕೂತ್ಕೋ, ಎಣ್ಣೆ ಹಚ್ತೀನಿ.”

ಬೇಡ ಎನ್ನಲು ನನಗೂ ಬಾಯಿ ಬರಲಿಲ್ಲ. ಆಗಲೇ ಗೊತ್ತಾಯಿತು, ಅದು ಎಷ್ಟು ಕಷ್ಟವೆಂದು. ಕೂತೆ. ಅವರು ನನ್ನ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು, ಎಣ್ಣೆಯಲ್ಲಿ ಬೆರಳದ್ದಿ, ನನ್ನ ಗದ್ದ ಹಿಡಿದೆತ್ತಿದರು.

“ಕಣ್ಣಿಗೆ ಬೇಡ ಕಣೇ,” ಎಂದರು ಗಂಗುಲಪ್ಪ ಮಾಮ.

“ಯಾಕೆ?”

“ಇವತ್ತೇ ಅವಳು ಬಸ್ಸಿನ ಬೋರ್ಡು ನೋಡ್ಬೇಕು, ನಾಳೆ ಪರೀಕ್ಷೆಗೆ ಓದ್ಬೇಕು. ಮಂಜಾಗ್ತದೆ.”

ಬೆರಳು ನನ್ನ ಕಣ್ಣಿನ ಹತ್ತಿರ ಹಾಗೇ ನಿಂತಿತು. ಒಂದು ತೊಟ್ಟು ನನ್ನ ಕೆನ್ನೆಗೆ ಬಿತ್ತು.

“ಎಷ್ಟೊತ್ತು ಮಂಜಾಗ್ತದೆ?” ಎಂದರು ವೆಂಕಟರತ್ನಮ್ಮ, ನನ್ನನ್ನಲ್ಲ.

“ಮಧ್ಯಾಹ್ನದವರೆಗೆ,” ಎಂದರು ಅವರು, ನೆಲ ನೋಡಿಕೊಂಡು.

ಹಿತ್ತಲಲ್ಲಿ ಹಂಡೆ ನೀರು ಕುದಿಯುವ ಸದ್ದು ಕೇಳುತ್ತಿತ್ತು. ವೆಂಕಟರತ್ನಮ್ಮ ಬಟ್ಟಲು ಕೆಳಗಿಟ್ಟರು, ಸೆರಗಿನಿಂದ ನನ್ನ ಕೆನ್ನೆ ಒರೆಸಿದರು, ಆಮೇಲೆ ತಮ್ಮ ಬೆರಳನ್ನು ಒಂದೊಂದಾಗಿ, ಬಹಳ ಹೊತ್ತು ಒರೆಸಿದರು.

“ಹೇಳ್ಬಾರ್ದಾಗಿತ್ತಾ ನಂಗೆ,” ಎಂದರು ಕೊನೆಗೆ.

“ಇನ್ನೇನ್ ಬಿಡು.”

“ಹೂಂ, ಬಿಡ್ತೀನಿ. ನೀವು ಎಂಟು ವರ್ಷ ಬಿಟ್ಟಿದ್ದು ಸಾಲ್ದಾ?” ಅವರು ನನ್ನ ಕನ್ನಡಕವನ್ನು ನನ್ನ ಕಿವಿಗೆ ತಾವೇ ಸಿಕ್ಕಿಸಿದರು. “ಏನಮ್ಮಾ, ಬೆಂಗ್ಳೂರಿಗೆ ಹೋಗೋವಾಗ ಚಿಕ್ಕಬಳ್ಳಾಪುರದಾಗೇ ಬಸ್ಸು ಬದಲಾಯಿಸ್ತೀಯಲ್ಲ? ಆ ಡಾಕ್ಟ್ರು ಇನ್ನೂ ಅಲ್ಲೇ ಅವ್ರಾ, ಯಾವ ದಿನ ಡ್ರೈವರ್‌ಗಳನ್ನ ನೋಡ್ತಾರೆ, ಕೇಳ್ಕೊಂಡು ಬರೋ ಭಾನುವಾರ ಬಂದು ಹೇಳು. ತಲೆಗೆ ಎಣ್ಣೆ ಅವತ್ತೇ ಹಚ್ತೀನಿ. ತಲೆಗೆ ಮಾತ್ರ.”

ಬರುತ್ತೇನೆ ಎಂದೆ. ಗಂಗುಲಪ್ಪ ಮಾಮ ಬೀದಿಯ ತುದಿಯನ್ನೇ ನೋಡುತ್ತಿದ್ದರು. ಅಲ್ಲಿ ಯಾವ ಬಸ್ಸೂ ಇರಲಿಲ್ಲ.