ಹೆಜ್ಜೇನು ಎದ್ದ ಸಂಜೆ

ಹೊಳೆನರಸೀಪುರಕ್ಕೆ ವರ್ಗವಾಗಿ ಬಂದು ತಿಂಗಳಾದರೂ ನನ್ನನ್ನು ಮಾತಾಡಿಸುವವರಿರಲಿಲ್ಲ. ಆಫೀಸು ಮುಗಿಸಿ ಪಾರ್ಕಿನಲ್ಲಿ ಒಬ್ಬಳೇ ಸುತ್ತು ಹಾಕುತ್ತಿದ್ದೆ. ಒಂದು ಸಂಜೆ ಮರದ ಮೇಲಿನ ಹೆಜ್ಜೇನು ಎದ್ದುಬಿಟ್ಟಿತು. ಎಲ್ಲರೂ ಗೇಟಿನ ಕಡೆ ಓಡಿದರು. ನನಗೆ ಕಾಲೇ ಬರಲಿಲ್ಲ. ಕುತ್ತಿಗೆಗೆ ಒಂದು ಕಚ್ಚಿತು, ತುಟಿಗೆ ಇನ್ನೊಂದು.

ಕಸ ಗುಡಿಸುವ ಹೆಂಗಸು ಓಡಿಬಂದು, ನನ್ನನ್ನು ನೆಲಕ್ಕೆ ಕೆಡವಿ, ಎಲೆ ತುಂಬುವ ಟಾರ್ಪಾಲನ್ನು ಇಬ್ಬರ ಮೇಲೂ ಎಳೆದುಕೊಂಡಳು.

"ಅಲ್ಲಾಡ್ಬೇಡ ಕಣವ್ವ, ಸತ್ತಂಗೆ ಬಿದ್ಕೊ."

ಮೇಲೆ ಹುಳುಗಳು ಪಟಪಟ ಬಡಿಯುತ್ತಿದ್ದವು. ಒಳಗೇ ಸಿಕ್ಕಿಕೊಂಡ ಒಂದು ನನ್ನ ಕಿವಿಯ ಹತ್ತಿರ ಗುಂಯ್‌ಗುಡುತ್ತಿತ್ತು. ಇಲ್ಲೇ ಸತ್ತರೆ ನಾನು ಯಾರೆಂದು ಹೇಳುವವರೂ ಈ ಊರಲ್ಲಿಲ್ಲ ಅನ್ನಿಸಿತು. ಅಳುತ್ತ ಅದನ್ನೇ ಅಂದುಬಿಟ್ಟೆ.

ಆಕೆ ನನ್ನ ತಲೆಯನ್ನು ಎದೆಗೆ ಒತ್ತಿಕೊಂಡಳು.

"ನಾನಿಲ್ವಾ? ದಿನಾ ನೋಡ್ತೀನಲ್ಲ. ನಾಕು ಸುತ್ತು ಆಕ್ತೀಯ, ಒಬ್ಳೇ ಕೂತ್ಕೋತೀಯ, ಓಯ್ತೀಯ. ನಿನ್ ಎಸ್ರೊಂದು ಗೊತ್ತಿಲ್ಲ. ಏನವ್ವಾ?"

ತೊದಲುತ್ತ ಹೇಳಿದೆ. ಸದ್ದು ಅಡಗುವವರೆಗೂ ಆಕೆ ನನ್ನನ್ನು ಬಿಡಲಿಲ್ಲ.

ವಾರ ಬಿಟ್ಟು ಹೆದರುತ್ತಲೇ ಪಾರ್ಕಿಗೆ ಹೋದೆ. ಆಕೆ ಎಲ್ಲರಿಗೂ ಹೇಳಿದ್ದಳು. ಬೆಂಚಿನ ಮೇಲಿದ್ದ ಹೆಂಗಸರು ಸರಿದು ಜಾಗ ಮಾಡಿ, "ಬಾರವ್ವ ಶೀಲಾ, ಕೂತ್ಕೊ" ಅಂದರು.

ನನ್ನ ಹೆಸರು ಪ್ರಮೀಳಾ. ಅವತ್ತು ಊದಿದ ತುಟಿಯಲ್ಲಿ ಹೇಳಿದ್ದು ಆಕೆಗೆ ಹಾಗೆ ಕೇಳಿಸಿತ್ತೇನೋ. ತಿದ್ದಲು ಮನಸ್ಸಾಗಲಿಲ್ಲ; ಹೋಗಿ ಕೂತೆ.